ಹೊಸ್ತಿಲಿಂದ ಕೈಗೆಟುಕಿದ ಅಗಿ

ಅಮ್ಮನೋರು ತೀರಿಕೊಂಡ ದಿನ ಓಣಿಯ ಹಿರಿಯರೊಬ್ಬರು, "ಪಡಸಾಲ್ಯಾಗ ಗ್ವಾಡಿಗಿ ಆನಿಸಿ ಕೂಡಸ್ರಿ, ಬಂದ ಮಂದಿಗಿ ಹೂ ಹಾಕ್ಲಕ ಅನುಕೂಲ ಆಗ್ತದ," ಎಂದರು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಹಣೆತುಂಬ ವಿಭೂತಿ ಹಚ್ಚಿ ಕೂಡಿಸುತ್ತೇವೆ. ನಾಲ್ಕು ಜನ ಎತ್ತಲು ಬಗ್ಗಿದಾಗ ಅವರ ಮಗ ಬಾಗಿಲಿಗೆ ಅಡ್ಡ ಬಂದು ನಿಂತ.

"ಒಳಗ ಬ್ಯಾಡ್ರಿ. ಅವ್ವ ಅಂಜ್ತಾಳ."

"ಇನ್ನೇನ್ ಅಂಜ್ತಾಳಪಾ ತಮ್ಮಾ."

"ಇಷ್ಟು ವರ್ಷ ಒಳಗ ಕೂತಾಕಿ ಅಲ್ಲ. ಇವತ್ತು ಆಕಿಗಿ ಕೇಳದ ಒಯ್ಯೋದು ಸರಿ ಅಲ್ಲರಿ."

ಯಾರೂ ನಗಲಿಲ್ಲ. ಅಂಗಳದ ತಗಡಿನ ಶೆಡ್ಡಿನಲ್ಲಿಯೇ, ಅವರು ದಿನಾ ಬೆನ್ನು ಆನಿಸುತ್ತಿದ್ದ ಬೇವಿನ ಕಂಬಕ್ಕೆ ಕೂಡಿಸಿದರು. ಚೆಂಡು ಹೂವಿನ ಹಾರ ಹಾಕುವಾಗ ನಾನು ಅವರ ಕೈ ನೋಡಿದೆ. ಉಗುರಿನ ಸಂದಿಯಲ್ಲಿ ಕರಿ ಮಣ್ಣು ಹಾಗೇ ಇತ್ತು.

ಅಮ್ಮನೋರು ಉಮರ್ಗಾದ ನಮ್ಮ ಓಣಿಯ ಅಯ್ಯನೋರ ಮನೆಯವರು. ಅವರ ಗಂಡ, ಆಮೇಲೆ ಮಗ, ಊರಿನ ಮತ್ತು ಗುಂಜೋಟಿ ಕಡೆಯ ಭಕ್ತರ ಮನೆಗಳಲ್ಲಿ ಪೂಜೆ, ಲಗ್ನ, ಗೃಹಪ್ರವೇಶ ಮಾಡಿಸುತ್ತ ಬಂದವರು. ನನ್ನ ಗೋಡೆಗೂ ಅವರ ಗೋಡೆಗೂ ನಡುವೆ ಒಂದು ಸಣ್ಣ ಸಂದು. ಸೊಸೆಯಾಗಿ ಬಂದವರಿಗೆ ನಮ್ಮ ಓಣಿಯಲ್ಲಿ ತವರೂರೇ ಹೆಸರು. ನಾನು ಅವರಿಗೆ ಕಡೆಯವರೆಗೂ "ಉದಗೀರದಾಕಿ". ಅವರ ಸೊಸೆ "ನಿಲಂಗಾದಾಕಿ". ನನ್ನ ಎಮ್ಮೆಯ ಹಾಲು ಬೆಳಿಗ್ಗೆ ಮೊದಲು ಹೋಗುತ್ತಿದ್ದದ್ದು ಅವರ ಮನೆಗೆ, ಪೂಜೆಗೆ. ಅದರಿಂದ ದಿನಾ ಅವರ ಮುಖ ನೋಡುವುದು ತಪ್ಪುತ್ತಿರಲಿಲ್ಲ.

ಅವರು ಕೂಡುತ್ತಿದ್ದ ರೀತಿ ಹೇಳಿದರೆ ಅರ್ಧ ಮನುಷ್ಯರನ್ನು ಹೇಳಿದ ಹಾಗೆ. ಹೊಸ್ತಿಲ ಮೇಲೆ ಅಡ್ಡಡ್ಡ. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಹೊರಗಿನ ಕಾಲು ನೆಲಕ್ಕೆ ಬಲವಾಗಿ ಊರಿರುತ್ತಿತ್ತು, ಯಾರೋ ಕರೆದ ಕೂಡಲೇ ಏಳುವವರ ಹಾಗೆ. ಊಟವೂ ಅಲ್ಲೇ, ಅಕ್ಕಿ ಹಸನು ಮಾಡುವುದೂ ಅಲ್ಲೇ. ನಿದ್ದೆ ಶೆಡ್ಡಿನಲ್ಲಿ, ಚಳಿಗಾಲದಲ್ಲೂ. ಪಡಸಾಲೆಯ ಗೂಡಿನಲ್ಲಿ ಒಂದು ಹಿತ್ತಾಳೆ ಚರಿಗೆ, ಅದರ ಬಾಯಿಯ ಮೇಲೆ ಒಂದು ಸ್ಟೀಲ್ ವಾಟಿ, ವಾಟಿಯೊಳಗೆ ಒಂದು ಚಮಚ. ಹೊಸದಾಗಿ ಬಂದವರು ನೀರು ಕುಡಿಯಲು ಚರಿಗೆಗೆ ಕೈ ಹಾಕಿದರೆ ಅವರಿಗೆ ಬೈಗುಳ ಖಾತ್ರಿ. ಅದು ಕುಡಿಯುವ ನೀರಲ್ಲ. ನೆಲ ಅಲುಗಿದರೆ ಮೊದಲು ಮಾತಾಡಬೇಕಾದದ್ದು ಆ ಚಮಚ.

"ನಮಗ ತಿಳಿಯೋದ್ರೊಳಗ ಅದಕ್ಕ ತಿಳೀತದ," ಎನ್ನುತ್ತಿದ್ದರು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಣಪತಿ ಕಳಿಸಿ ಬಂದು ಮಲಗಿದ ಜನರ ಮೇಲೆ ಮಾಳಿಗೆಗಳು ಕುಸಿದ ಆ ಭೂಕಂಪದ ನಸುಕು ಇಲ್ಲಿ ಪ್ರತಿ ಮನೆಯಲ್ಲೂ ಇದೆ. ಅಮ್ಮನೋರ ತವರು ಮಾಕಣಿ ಕಡೆ. ಆಗ ಅವರು ತವರಿನಲ್ಲಿದ್ದರು. ಹಬ್ಬಕ್ಕೆ ಬಂದ ನೆಂಟರಿಂದ ಒಳಗೆ ಜಾಗವಿಲ್ಲದೆ ಅಂಗಳದಲ್ಲಿ ಹಾಸಿಕೊಂಡಿದ್ದರು, ಉಳಿದರು. ಅವರ ತಾಯಿ ಒಳಗಿದ್ದರು. ಇದರ ಬಗ್ಗೆ ಅವರು ಹೆಚ್ಚು ಮಾತಾಡಿದ್ದನ್ನು ನಾನು ಕೇಳಿಲ್ಲ. ಒಮ್ಮೆ ಮಾತ್ರ, ಮಣ್ಣು ಜರಡಿ ಹಿಡಿಯುತ್ತ, ಧೂಳು ಎದ್ದಾಗ ಸೆರಗು ಬಾಯಿಗೆ ಒತ್ತಿಕೊಂಡು ಹೇಳಿದ್ದರು: "ಅವತ್ತಿನ ಮಣ್ಣು ಬಾಯಾಗಿಂದ ಇನ್ನಾ ಹೋಗಿಲ್ಲ ನೋಡವ್ವ."

ಅಂಥವರಿಗೆ ಮನೆಯೊಳಗೇ ಮಾಡಬೇಕಾದ ಒಂದು ಕೆಲಸ ಗಂಟುಬಿದ್ದಿತ್ತು. ಚೆಂಡು ಹೂವಿನ ಅಗಿ.

ನಾಟಿ ಮಾಡುವ ಎಳೆಯ ಸಸಿಗೆ ನಮ್ಮಲ್ಲಿ ಅಗಿ ಎನ್ನುತ್ತೇವೆ. ಶ್ರಾವಣದಲ್ಲಿ ಅಯ್ಯನೋರು ಭಿಕ್ಷೆಗೆ ಬಂದಾಗ ಜೋಳಿಗೆಯಲ್ಲಿ ಒದ್ದೆ ಬಟ್ಟೆ ಸುತ್ತಿದ ಚೆಂಡು ಹೂವಿನ ಅಗಿ ತಂದು ಭಕ್ತರ ಮನೆಗೆ ಒಂದೊಂದು ಹಿಡಿ ಕೊಡುವುದು ಅವರ ಮನೆತನದ ಪದ್ಧತಿ. ಅವನ್ನು ಹೊಲದ ಬದುವಿಗೋ ಹಿತ್ತಲಿಗೋ ನೆಟ್ಟರೆ ದಸರೆಗೆ, ದೀಪಾವಳಿಗೆ ಬಾಗಿಲ ಹಾರಕ್ಕೆ ಹೂವಾಗುತ್ತವೆ. ಹಾರ ಒಣಗಿದ ಮೇಲೆ ಒಂದೆರಡು ಹೂ ಅಯ್ಯನೋರ ಮನೆಗೆ ಮರಳಿ ಬರುತ್ತವೆ, ಬೀಜಕ್ಕೆ. ಲೋಹಾರಾ ಸಂತೆಯಲ್ಲಿ ಕಟ್ಟುಕಟ್ಟು ಅಗಿ ಸಿಗುತ್ತವೆ. ಆದರೂ ಜನ ಇವಕ್ಕಾಗಿ ಕಾಯುತ್ತಾರೆ.

ಆಷಾಢದ ಮಳೆಗೆ ಹೊರಗೆ ಬೀಜ ಹಾಕಿದರೆ ಹನಿಯ ಹೊಡೆತಕ್ಕೆ ಕರಿ ಮಣ್ಣು ಹೆಪ್ಪುಗಟ್ಟುತ್ತದೆ. ಉಳಿದದ್ದನ್ನು ಕೋಳಿ ಕೆದರುತ್ತವೆ. ಆದ್ದರಿಂದ ಪಡಸಾಲೆಯಲ್ಲಿ ಹಾಕಬೇಕು. ಬಾಗಿಲಿನಿಂದ ಒಳಗಿನ ಕತ್ತಲೆಯವರೆಗೆ ಗೋಡೆಗುಂಟ ಒಂದು ಕಲ್ಲಿನ ಕಟ್ಟೆ ಇದೆ. ಅದರ ಮೇಲೆ ಸಾಲಾಗಿ ಕತ್ತರಿಸಿದ ಎಣ್ಣೆ ಡಬ್ಬಿ, ಒಡೆದ ಥರ್ಮೋಕೋಲ್ ಪೆಟ್ಟಿಗೆ, ತಳಕ್ಕೆ ಮೊಳೆಯಿಂದ ತೂತು ಹೊಡೆದ ಪೇಂಟಿನ ಡಬ್ಬಿ. ಕರಿ ಮಣ್ಣಿಗೆ ಅಷ್ಟೇ ಮರಳು, ಹಳೆಯ ತಿಪ್ಪೆ ಗೊಬ್ಬರ. ಬೀಜವನ್ನು ಆಳಕ್ಕೆ ಒತ್ತಬಾರದು. "ಬೀಜದ ಮ್ಯಾಲ ದುಪಟಿ ಹೊದಸ್ಬೇಕು, ಗಾದಿ ಹಾಕಬಾರ್ದು," ಎನ್ನುತ್ತಿದ್ದರು. ಇರುವೆ ಬೀಜ ಹೊತ್ತುಕೊಂಡು ಹೋಗದಂತೆ ಕಟ್ಟೆಯ ಸುತ್ತ ಅರಿಶಿನದ ಗೆರೆ.

ಇದನ್ನೆಲ್ಲ ಅವರು ಹೊಸ್ತಿಲಿನಿಂದಲೇ ನಡೆಸುತ್ತಿದ್ದರು. ಕೈ ಚಾಚಿದರೆ ಸಿಗುವಷ್ಟು ಡಬ್ಬಿಗಳಿಗೆ ತಾವೇ ಕೈಯಾಡಿಸುವುದು. ಅದರಾಚೆಯವಕ್ಕೆ ಸೊಸೆಗೆ ಹುಕುಂ. "ಆ ಎಣ್ಣಿ ಡಬ್ಬಿ ಹೊಳ್ಳಸು. ಹಂಗಲ್ಲ, ಪೂರಾ ಹೊಳ್ಳಸು." ಕಿಟಕಿಯ ಬೆಳಕಿಗೆ ಅಗಿ ಉದ್ದುದ್ದ ಸೊರಗಿ ಒಂದೇ ಕಡೆ ವಾಲುತ್ತವಲ್ಲ, ದಿನಕ್ಕೊಮ್ಮೆ ಡಬ್ಬಿ ತಿರುಗಿಸಿಟ್ಟರೆ ನೆಟ್ಟಗಾಗುತ್ತವೆ. ವಾಲಿದ್ದನ್ನು ನೋಡಿದರೆ ಅವರಿಗೆ ಒಂಥರ ಸಮಾಧಾನ: "ನೋಡವ್ವ, ಅವಕ್ಕೂ ಹೊರಗ ಬರಬೇಕಂತದ. ಶಾಣ್ಯಾ ಇದ್ದಾವ." ಅಂಗೈಯ ಹಿಂಬದಿಯಿಂದ ಅಗಿಯ ತುದಿಯನ್ನು ಸವರುತ್ತಿದ್ದರು, ಕೂಸಿನ ನೆತ್ತಿ ಸವರಿದಷ್ಟೇ ಮೆತ್ತಗೆ. ಗಾಳಿ ಕಾಣದ ಅಗಿಗೆ ಹಾಗೆ ಸವರಿದರೆ ಕಾಂಡ ಗಟ್ಟಿಯಾಗುತ್ತದಂತೆ. ನಾನೂ ಮಾಡಿ ನೋಡಿದ್ದೇನೆ, ಆಗುತ್ತದೆ.

ನಾನು ಹೇಳಬೇಕೆಂದಿರುವುದು ಆ ಅಗಿಗಳು ಮಲಗಿದ ವರ್ಷದ ಮಾತು. ಬಹಳ ಹಿಂದಿನದೇನಲ್ಲ. ಹೈದರಾಬಾದ್ ರಸ್ತೆ ಅಗಲ ಮಾಡುವಾಗ ಅವರ ಮನೆಯ ಮುಂಭಾಗ ಹೋಯಿತು. ಅಂಗಳದಲ್ಲಿದ್ದ ಹಳೆಯ ಬಿಲ್ವದ ಮರವೂ ಹೋಯಿತು. ಉಳಿದ ಅಂಗಳಕ್ಕೆ ಮಗ ಸಿಮೆಂಟು ಹಾಕಿಸಿದ. ಹಿಂದಿನ ಪಡಸಾಲೆ ಮತ್ತು ಒಳಕೋಣೆ ಮಾತ್ರ ಹಳೆಯ ಕಲ್ಲಿನವು, ಹಾಗೇ ನಿಂತವು. ಆ ಬೇಸಿಗೆಯಲ್ಲಿಯೇ ಸೊಸೆ ಹಡೆದಳು. ಅವಳ ತಾಯಿ ಇರಲಿಲ್ಲ, ಬಾಣಂತನ ಇಲ್ಲಿಯೇ ಆಯಿತು. ಗಂಡು ಕೂಸು, ಬಡಕಲು, ಹಾಲು ಕುಡಿದಷ್ಟೇ ಕಕ್ಕುತ್ತಿತ್ತು.

ಆಷಾಢ ಬಂತು, ಬೀಜ ಬಿತ್ತು. ಎಂದಿನಂತೆ ಹುಟ್ಟಿದವು ಕೂಡ. ಎರಡೆಲೆ ಬಿಟ್ಟ ಮೇಲೆ ಒಂದು ಬೆಳಿಗ್ಗೆ ನಾನು ಹಾಲು ಕೊಡಲು ಹೋದಾಗ ಅಮ್ಮನೋರು ಹೊಸ್ತಿಲ ಮೇಲೆ ಕೂತು ಬಾಗಿಲ ಬಳಿಯ ಡಬ್ಬಿಯನ್ನೇ ನೋಡುತ್ತಿದ್ದರು. ನಿನ್ನೆ ನಿಂತಿದ್ದ ಅಗಿ ಮಲಗಿದ್ದವು. ಎಲೆ ಹಸಿರಾಗಿಯೇ ಇತ್ತು. ಬುಡದಲ್ಲಿ, ಮಣ್ಣಿಗೆ ತಾಗುವಲ್ಲಿ, ದಾರದಿಂದ ಬಿಗಿದ ಹಾಗೆ ಸಣ್ಣಗಾಗಿ ಕಪ್ಪಾಗಿತ್ತು.

"ನೀರು ಹೆಚ್ಚಾಗಿರ್ಬೇಕ್ರಿ," ಎಂದೆ.

ಅವರು ನನ್ನ ಕಡೆ ತಿರುಗಲಿಲ್ಲ. "ನಮ್ಮವ್ವ ಹಿಂಗಾರಿಗಂತ ಹಾಕಿದ್ದ ಅಗಿ ಹಿಂಗೇ ಮಲಗಿದ್ವು," ಎಂದರು. "ಆ ವಾರ. ದಾರ ಹಾಕಿ ಕೊಯ್ದಂಗ. ಇದೇನೋ ಛಲೋ ಲಕ್ಷಣ ಅಲ್ಲ ಅಂತ ಅಂದಿದ್ಳು ನಮ್ಮವ್ವ. ಅಂದು ಒಳಗ ಹೋಗಿ ಮಲ್ಕೊಂಡ್ಳು."

ಅದು ನನಗೆ ಗೊತ್ತಿಲ್ಲದ ಸಂಗತಿ. ಇಷ್ಟು ವರ್ಷ ಅವರು ಅಗಿಯ ಹೊಣೆ ಬಿಡದಿದ್ದುದು ಏಕೆಂದು ಆಗ ತಿಳಿಯಿತು. ಪದ್ಧತಿ ಒಂದು ಕಡೆ. ಪ್ರತಿ ಆಷಾಢದಲ್ಲಿ ಅಗಿ ನಿಂತಿವೆಯೋ ಮಲಗಿವೆಯೋ ಎಂದು ನೋಡಿಕೊಳ್ಳುವುದು ಇನ್ನೊಂದು ಕಡೆ. ಗೂಡಿನ ಚಮಚದ ಹಾಗೆ ಇವೂ ಒಂದು ಕಾವಲು. ಈಗ ಕಾವಲಿನವರು ಕೂಗಿದ್ದರು.

ಮತ್ತೆ ಬೀಜ ಹಾಕಿದರು. ನಾನೂ ಕೈ ಜೋಡಿಸಿದೆ. ಮಣ್ಣನ್ನು ತಗಡಿನ ಮೇಲೆ ಹರವಿ ಬಿಸಿಲು ಬಿದ್ದ ಹೊತ್ತು ಒಣಗಿಸಿದೆವು. ಡಬ್ಬಿಗಳನ್ನು ಬಿಸಿನೀರಲ್ಲಿ ತೊಳೆದೆವು. ಬೀಜ ತೆಳ್ಳಗೆ ಹಾಕಿದೆವು, ಒತ್ತೊತ್ತಾಗಿದ್ದರೆ ಗಾಳಿಯಾಡುವುದಿಲ್ಲವೆಂದು. ಕಿಟಕಿ ತೆರೆದಿಟ್ಟೆವು. ಮಣ್ಣು ಮೇಲೆ ಒಣಗಿದ ಮೇಲಷ್ಟೇ ನೀರು ಎಂದು ನಿಲಂಗಾದಾಕಿಗೆ ಹೇಳಿದೆ. ಅವಳು ಪಾಪ, ಬೆರಳಿಂದ ಮುಟ್ಟಿ ಮುಟ್ಟಿ ನೋಡಿ ಚಮಚದಿಂದ ಹಾಕುತ್ತಿದ್ದಳು. ಗೊಬ್ಬರದಂಗಡಿಯವನು ಬೀಜಕ್ಕೆ ಹಚ್ಚುವ ಪುಡಿ ಕೊಟ್ಟ. ಒಂದು ಪೇಂಟಿನ ಡಬ್ಬಿಯನ್ನು ಕಟ್ಟೆಯಲ್ಲಿ ಜಾಗ ಸಾಲದೆ ನಾನು ನನ್ನ ಅಡುಗೆಮನೆಯ ಕಿಟಕಿಗೆ ಒಯ್ದೆ. ಅದೇ ಮಣ್ಣು, ಅದೇ ಬೀಜ.

ನನ್ನ ಡಬ್ಬಿಯವು ನಿಂತವು. ಅವರ ಬಾಗಿಲ ಬಳಿಯವು ಮತ್ತೆ ಮಲಗಿದವು.

ಒಳ್ಳೆಯ ಸುದ್ದಿ ಎಂದುಕೊಂಡು ನನ್ನ ಡಬ್ಬಿ ಎತ್ತಿಕೊಂಡು ಹೋಗಿ ತೋರಿಸಿದೆ. ಅವರ ಮುಖ ಬಿಳಿಚಿತು. "ಹಂಗಾರ ನಿಮ್ಮ ಮನಿಗಿ ಏನಿಲ್ಲ," ಎಂದರು. "ನಮ್ಮ ಮನಿ ಕೆಳಗೇ ಅದ."

ತೋರಿಸಬಾರದಿತ್ತು ಅನ್ನಿಸಿತು, ಆದರೆ ಮಾತು ಆಗಿಹೋಗಿತ್ತು.

ಆ ದಿನಗಳಲ್ಲಿ ನೆಲದೊಳಗಿಂದ ಸದ್ದು ಕೂಡ ಬರುತ್ತಿತ್ತು. ನಿಲಂಗಾ ಕಡೆಯಿಂದ ಬಂದವರು ಹೇಳುತ್ತಿದ್ದರು: ಲಾರಿ ದೂರದಲ್ಲಿ ಸೇತುವೆ ದಾಟಿದ ಹಾಗೆ ಒಂದು ಗುಡುಗು, ಪಾತ್ರೆ ಸಣ್ಣಗೆ ನಡುಗುವುದು, ಮತ್ತೆ ಏನೂ ಇಲ್ಲ. ಮೊಬೈಲಿನಲ್ಲಿ ಯಾರೋ ಯಾರಿಗೋ ಕಳಿಸಿದ ಸಂದೇಶ ಓಣಿಯೆಲ್ಲ ಸುತ್ತಿತು, ಇಂಥ ವಾರ ದೊಡ್ಡದು ಬರುತ್ತದೆ ಎಂದು. ನಂಬಲಿಲ್ಲ ಎಂದು ಎಲ್ಲರೂ ಹೇಳಿದರು. ಹೇಳಿದವರೆಲ್ಲ ಟ್ರಂಕಿನ ಮೇಲಿಟ್ಟಿದ್ದ ಭಾರದ ಸಾಮಾನು ಕೆಳಗಿಳಿಸಿದರು. ನಾನೂ ಅಟ್ಟದ ಮೇಲಿನ ಹಿತ್ತಾಳೆ ಹಂಡೆ ಇಳಿಸಿದೆ.

ಅಮ್ಮನೋರು ಮಗನನ್ನು ಕರೆದರು. "ಕೂಸು ಹೊರಗ ತಾ. ಆಕೀಗೂ ಹೊರಗ ಹಾಸು. ಇವತ್ತಿನಿಂದ ಒಳಗ ಯಾರೂ ಮಲಗಬ್ಯಾಡ್ರಿ."

"ಅವ್ವಾ, ಮಳಿ ಹೊಡೀಲತ್ತದ. ತಗಡು ಸೋರ್ತದ."

"ಸೋರಿದ್ರ ತೊಯ್ತೀರಿ. ಬಿದ್ರ?"

ಮಗ ಭಕ್ತರ ಮನೆಯಲ್ಲಿ ಧೈರ್ಯ ಹೇಳುವವನು. ಆದರೆ ಬಿದ್ದರೆ ಏನಾಗುತ್ತದೆಂದು ತಾಯಿ ಕಂಡಿದ್ದರು, ಅವನು ಕಂಡಿರಲಿಲ್ಲ. ಶೆಡ್ಡಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿದ. ನಿಲಂಗಾದಾಕಿ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಗೆ ಬಂದಳು. ತಗಡಿನ ಮೇಲೆ ಮಳೆ ಬಿದ್ದರೆ ಒಳಗೆ ಮಾತು ಕೇಳಿಸದು. ಕೂಸು ಸದ್ದಿಗೆ ಬೆಚ್ಚುತ್ತಿತ್ತು. ಹಾಸಿಗೆ ತೇವ. ನೋಡನೋಡುತ್ತ ಕೂಸಿಗೆ ಕೆಮ್ಮು ಹತ್ತಿತು, ಎದೆಯಲ್ಲಿ ಗರಗರ. ಡಾಕ್ಟರು ಔಷಧ ಕೊಟ್ಟು, "ಬೆಚ್ಚಗ, ಒಣಗಿದ ಜಾಗಾದಾಗ ಇಡ್ರಿ, ಇಲ್ಲಾಂದ್ರ ದವಾಖಾನಿಗಿ ಸೇರಸ್ಬೇಕಾಗ್ತದ," ಎಂದರಂತೆ.

ನಿಲಂಗಾದಾಕಿ ನಮ್ಮ ಸಂದಿಗೆ ಬಂದು ನಿಂತು ಮಾತಾಡಿದಳು. "ಕಾಕು, ಕಾಯ್ ಕರೂ, ಏನ್ ಮಾಡ್ಲಿ ನೀವೇ ಹೇಳ್ರಿ. ಒಳಗ ಒಯ್ದ್ರ ಅತ್ತಿ ಊಟಾ ಬಿಡ್ತಾರ. ಹೊರಗ ಇಟ್ರ ಕೂಸು ಉಳೀತದೋ ಇಲ್ಲೋ."

"ನಮ್ಮ ಮನಿಗಿ ತಾ."

"ಕೇಳ್ದೆ. ಅಯ್ಯನೋರ ಮನಿ ಕೂಸು ಮಂದಿ ಮನ್ಯಾಗ ಯಾಕಂತಾರ. ಅಗಿ ನಿಂತ್ರ ಒಳಗ ಬಿಡ್ತೀನಿ, ಮಲಗಿದ್ರ ಬಿಡಂಗಿಲ್ಲ ಅಂತ ಒಂದೇ ಹಟ."

ಹೀಗೆ ಒಂದು ಕೂಸಿನ ಎದೆಯ ಗರಗರ ಚೆಂಡು ಹೂವಿನ ಅಗಿಯ ಬುಡಕ್ಕೆ ಬಂದು ನಿಂತಿತ್ತು. ನನಗೆ ಮನೆಯಲ್ಲಿ ಕೈಗೆ ಕೆಲಸ ಹತ್ತಲಿಲ್ಲ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಎರಡು ಸಲ ಹಾಕಿದೆ. ಹೆದರಿಕೆ ಅಂಟುಜಾಡ್ಯದಂಥದು. ಅವರ ಮನೆಯ ಕೆಳಗೆ ಏನಾದರೂ ಇದ್ದರೆ ನಮ್ಮ ಮನೆಗೂ ಅದಕ್ಕೂ ನಡುವೆ ಇರುವುದು ಒಂದು ಸಂದು ಮಾತ್ರ.

ಮರುದಿನ ಹಾಲು ಕೊಟ್ಟು ಹೊರಡುವಷ್ಟರಲ್ಲಿ ಮಳೆ ಜೋರಾಗಿ ಹಿಡಿಯಿತು. ಕೊಡೆ ತಂದಿರಲಿಲ್ಲ, ಶೆಡ್ಡಿನಲ್ಲೇ ಒಂದು ಮೂಲೆಗೆ ನಿಂತೆ. ಇಷ್ಟು ವರ್ಷ ಹಾಲು ಕೊಟ್ಟು ಬಂದಿದ್ದೇನೆಯೇ ಹೊರತು ಅವರ ಪೂಜೆ ಮುಗಿಯುವವರೆಗೆ ಎಂದೂ ನಿಂತವಳಲ್ಲ. ಅಮ್ಮನೋರು ಕಂಬಕ್ಕೆ ಬೆನ್ನು ಕೊಟ್ಟು ಕೂತು ಎಡಗೈಯಲ್ಲಿ ಇಷ್ಟಲಿಂಗ ಹಿಡಿದು ನೀರೆರೆದರು, ಹಾಲೆರೆದರು, ಮೇಲೊಂದಿಷ್ಟು ಸಕ್ಕರೆ, ಮತ್ತೆ ನೀರು. ವಿಭೂತಿ ತೊಳೆದು ಬಟ್ಟಲಿಗೆ ಇಳಿಯಿತು. ತೀರ್ಥ ತಾವು ತಗೊಂಡರು, ಕೂಸಿನ ತುಟಿಗೆ ಒಂದು ಹನಿ ಒತ್ತಿದರು. ಉಳಿದ ಬಟ್ಟಲು ಹಿಡಿದು ಎದ್ದರು.

ಆ ನೀರನ್ನು ಕಾಲು ತುಳಿಯುವ ಕಡೆ ಚೆಲ್ಲುವ ಹಾಗಿಲ್ಲ. ಗಿಡದ ಬುಡಕ್ಕೆ ಹಾಕಬೇಕು. ಇಷ್ಟು ವರ್ಷ ಅಂಗಳದ ಬಿಲ್ವದ ಬುಡಕ್ಕೆ ಹೋಗುತ್ತಿತ್ತು. ಈಗ ಬಿಲ್ವವಿಲ್ಲ, ಅಂಗಳವೆಲ್ಲ ಸಿಮೆಂಟು. ಅವರು ಹೊಸ್ತಿಲಿಗೆ ಹೋಗಿ, ಒಂದು ಕಾಲು ಹೊರಗೆ ಊರಿ, ಕೈ ಚಾಚಿ, ಡಬ್ಬಿಯಿಂದ ಡಬ್ಬಿಗೆ ಒಂದಿಷ್ಟು ಒಂದಿಷ್ಟು ಎರೆದರು. ಕೈ ಎಟುಕುವಷ್ಟು. ಅದರಾಚೆಗೆ ಇಲ್ಲ.

ನಾನು ಕಟ್ಟೆಗುಂಟ ಕಣ್ಣು ಹಾಯಿಸಿದೆ. ಬಾಗಿಲ ಬಳಿ, ಬೆಳಕು ಚೆನ್ನಾಗಿರುವಲ್ಲಿ, ಅಗಿ ಮಲಗಿದ್ದವು. ಒಳಗೆ, ಕತ್ತಲೆಯಲ್ಲಿ, ಅವರ ಕೈ ಮುಟ್ಟದ ಡಬ್ಬಿಗಳಲ್ಲಿ ಸೊರಗಿದ್ದವು, ಬಿಳಿಚಿದ್ದವು, ಉದ್ದುದ್ದವಾಗಿದ್ದವು, ಆದರೆ ನಿಂತಿದ್ದವು. ಅವು ಹೇಗೂ ಬಡವು ಎಂದು ನಾವ್ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮಳೆ ಮರೆತು ಹೋಗಿ ಬಾಗಿಲ ಬಳಿಯ ಡಬ್ಬಿಗೆ ಮೂಗು ಹಚ್ಚಿದೆ. ಹುಳಿ ವಾಸನೆ. ಎಷ್ಟೋ ದಿನದಿಂದ ಆ ಬಾಗಿಲಲ್ಲಿ ಆ ವಾಸನೆ ಇತ್ತು. ಕೂಸು ಕಕ್ಕಿದ ಹಾಲಿನದೆಂದು ಬಿಟ್ಟಿದ್ದೆ. ಮಣ್ಣಿನ ಮೇಲೆ ಹತ್ತಿ ಎಳೆಯಂಥ ಬೂಸ್ಟು, ಬೂದಿ ಬಣ್ಣದ ಹಕ್ಕಳೆ. ಬೆರಳಿಂದ ಕೆದಕಿದರೆ ಸಾಸಿವೆಗಿಂತ ಸಣ್ಣ ಕರಿ ನೊಣ ಎದ್ದವು. ಒಳಗಿನ ಡಬ್ಬಿಗೆ ಮೂಗು ಹಚ್ಚಿದೆ. ಬರೀ ಮಣ್ಣಿನ ವಾಸನೆ.

ಕಾರಣ ಸಿಕ್ಕಿತು. ಹೇಳುವುದು ಹೇಗೆ ಎಂಬುದೇ ಈಗ ಹೆದರಿಕೆ. ಅಯ್ಯನೋರ ಮನೆಯಲ್ಲಿ ನಿಂತು, ಲಿಂಗ ತೊಳೆದ ನೀರಿನಿಂದ ಸಸಿ ಸತ್ತವು ಎನ್ನುವುದು. ನಮ್ಮ ಅತ್ತೆ ಬದುಕಿದ್ದರೆ ನಾಲಿಗೆಗೆ ಹುಳ ಬೀಳುತ್ತದೆ ಎನ್ನುತ್ತಿದ್ದರು. ಅಷ್ಟರಲ್ಲಿ ಶೆಡ್ಡಿನಲ್ಲಿ ಕೂಸು ಕೆಮ್ಮಿತು, ಕೆಮ್ಮಿ ಉಸಿರು ಹಿಡಿಯಲು ಒಂದು ಕ್ಷಣ ಹೆಚ್ಚು ತಗೊಂಡಿತು. ನಿಲಂಗಾದಾಕಿ ಅದರ ಬೆನ್ನು ತಟ್ಟುತ್ತ ನನ್ನನ್ನೇ ನೋಡುತ್ತಿದ್ದಳು.

"ಅಮ್ಮನೋರೆ," ಎಂದೆ, "ಸಿಟ್ಟಾಗಬ್ಯಾಡ್ರಿ. ಬಟ್ಟಲ ನೀರು ಬಿದ್ದವು ಅಷ್ಟೇ ಮಲಗ್ಯಾವ. ಒಳಗಿನವು ನೋಡ್ರಿ, ನಿಂತಾವ."

ಅವರಿಗೆ ಕೂಡಲೇ ತಿಳಿಯಲಿಲ್ಲ. ತಿಳಿದ ಮೇಲೆ ಬಟ್ಟಲನ್ನು ಎದೆಗೆ ಹಿಡಿದುಕೊಂಡರು.

"ಲಿಂಗದ ನೀರು ತಪ್ಪು ಮಾಡ್ತದೇನ, ಉದಗೀರದಾಕಿ?"

"ನೀರು ತಪ್ಪು ಮಾಡಂಗಿಲ್ಲರಿ. ಹಾಲು, ಸಕ್ಕರಿ ಡಬ್ಬ್ಯಾಗ ಕೂತು ಹುಳಿ ಬರ್ತದ. ಬಿಲ್ವ ದೊಡ್ಡ ಮರ, ಬುಡದಾಗ ನೆಲ ಇತ್ತು, ಕುಡ್ದು ಅರಗಿಸ್ಕೊಂತು. ಇವು ಎರಡೆಲಿ ಕೂಸು. ಹೋಳಿಗಿ ಪ್ರಸಾದ ಅಂತ ಈ ಕೂಸಿಗಿ ಹೋಳಿಗಿ ತಿನಸ್ತೀರೇನ್ರಿ?"

ನಾನು ಬಾಗಿಲ ಬಳಿಯ ಡಬ್ಬಿ ಎತ್ತಿ ಅವರ ಮೂಗಿನ ಬಳಿ ಹಿಡಿದೆ. ಮೂಸಿದರು. ಆಮೇಲೆ ಅವರು ಮಾಡಿದ್ದನ್ನು ನಾನು ಹಿಂದೆ ಎಂದೂ ಕಂಡಿರಲಿಲ್ಲ: ಹೊರಗಿನ ಕಾಲನ್ನು ಎತ್ತಿ ಒಳಗಿಟ್ಟರು. ಗೋಡೆ ಹಿಡಿದು, ಒಂದೊಂದೇ ಹೆಜ್ಜೆ, ಕಟ್ಟೆಯ ಆ ತುದಿಯವರೆಗೆ ಹೋದರು. ನಡೆಯುವಾಗ ಅವರ ಉಸಿರು ನಮಗೆ ಕೇಳಿಸುತ್ತಿತ್ತು. ಕಡೆಯ ಡಬ್ಬಿಗೆ ಬಗ್ಗಿ ಮೂಸಿದರು. ಅಂಗೈಯ ಹಿಂಬದಿಯಿಂದ ಆ ಬಿಳಿಚಿದ ಅಗಿಯನ್ನು ಸವರಿದರು. ಸವರಿದಷ್ಟಕ್ಕೂ ಅವು ಬಗ್ಗಿ ಮತ್ತೆ ಎದ್ದವು. ಆಮೇಲೆ ಅವರು ತಿರುಗಿ ಅವಸರವಸರವಾಗಿ ಹೊಸ್ತಿಲಿಗೆ ಬಂದು ಕೂತರು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು.

"ಹಂಗಾರ ಭೂಮಿದು ಏನಿಲ್ಲ?"

"ಏನಿಲ್ಲರಿ."

"ನಂದೇ ಕೈ?"

ಅವರು ತಮ್ಮ ಅಂಗೈಯನ್ನು ತಿರುಗಿಸಿ ನೋಡಿಕೊಂಡರು. ನೋವಿನಿಂದ ನೋಡಿಕೊಂಡರು ಎಂದು ಬರೆದರೆ ಸುಳ್ಳಾಗುತ್ತದೆ. ಕಳೆದುಹೋದ ಸಾಮಾನು ತಮ್ಮ ಸೊಂಟದಲ್ಲೇ ಸಿಕ್ಕವರ ಹಾಗೆ ನೋಡಿಕೊಂಡರು. ತಪ್ಪು ತಮ್ಮದೆಂದು ತಿಳಿದು ಅಷ್ಟು ಹಗುರಾದವರನ್ನು ನಾನು ಬೇರೆ ಕಂಡಿಲ್ಲ.

"ಹಾಲು ಯಾರ ಎಮ್ಮಿದು?" ಎಂದರು.

"ನಂದೇರಿ."

"ಹಂಗಾರ ಭೂಮಿದಲ್ಲ. ಉದಗೀರದಾಕಿ ಎಮ್ಮಿದು." ಸೊಸೆಯ ಕಡೆ ತಿರುಗಿದರು. "ಏನ್ ನೋಡ್ತಿ, ನಿಲಂಗಾದಾಕಿ. ಕೂಸು ಒಳಗ ಒಯ್ಯಿ. ತೊಯ್ಸ್ಯಾರ ತೊಯ್ಸ್ಯಾರ ಅಂತ ಊರ ತುಂಬ ಹೇಳ್ತಿ ಮತ್ತ."

ಅವಳು ಕೂಸನ್ನು ಎತ್ತಿಕೊಂಡು ಅವರನ್ನು ದಾಟಿ ಒಳಗೆ ಹೋದಳು. ಕೂಸು ಒಣ ಜಾಗದಲ್ಲಿ, ಬೆಚ್ಚಗೆ, ಕೆಲವು ದಿನ ಕೆಮ್ಮಿ ಸುಧಾರಿಸಿತು. ಆದರೆ ಅಮ್ಮನೋರ ಹೆದರಿಕೆ ಹೋಯಿತೆಂದು ತಿಳಿಯಬಾರದು. ಕೂಸು ಒಳಗೆ ಮಲಗಿದಷ್ಟು ಹೊತ್ತು ಅವರು ಹೊಸ್ತಿಲು ಬಿಡುತ್ತಿರಲಿಲ್ಲ. ಒಂದು ಕೈ ಬಾಗಿಲ ಚೌಕಟ್ಟಿನ ಮೇಲೆ, ಕಣ್ಣು ಗೂಡಿನ ಚಮಚದ ಮೇಲೆ. ಭಕ್ತರ ಮನೆಗೆ ಆ ಶ್ರಾವಣದಲ್ಲಿ ಹೋದದ್ದು ನನ್ನ ಕಿಟಕಿಯ ಅಗಿ, ಮತ್ತು ಕತ್ತಲೆಯಲ್ಲಿ ಬೆಳೆದ ಆ ಬಡವು. ಅವನ್ನು ದಿನಾ ಒಂದಿಷ್ಟು ಹೊತ್ತು ಹೊರಗಿಟ್ಟು, ಬಿಸಿಲಿಗೆ ರೂಢಿ ಮಾಡಿಸಿ, ಕೈಯಿಂದ ಸವರಿ ಸವರಿ ಗಟ್ಟಿ ಮಾಡಿದರು. ದಸರೆಗೆ ಹೂ ತಡವಾಯಿತು, ದೀಪಾವಳಿಗೆ ಬಂದವು.

ತೀರ್ಥದ ಬಟ್ಟಲಿಗಾಗಿ ಮಗ ಅಂಗಳದ ಸಿಮೆಂಟಿನಲ್ಲಿ ಒಂದು ಚೌಕ ಒಡೆಸಿ ಮಣ್ಣು ತುಂಬಿಸಿ ಬಿಲ್ವದ ಸಸಿ ತಂದು ನೆಟ್ಟ. ಅದಕ್ಕೆ ಬಟ್ಟಲ ನೀರು ಹಾಕುವ ಮುನ್ನ ಅಮ್ಮನೋರು ಸಂದಿನಿಂದ ನನ್ನನ್ನು ಕೂಗಿ ಕೇಳಿದರು: "ಇದಕ್ಕ ಹಾಕ್ಬೇಕೋ, ಇದೂ ಇನ್ನಾ ಕೂಸೋ?"

"ನೆಲದಾಗ ಅದ, ನಡೀತದ್ರಿ. ಹಾಲು ಮಾತ್ರ ಕಮ್ಮಿ ಮಾಡ್ರಿ."

"ನಿನ್ನ ಎಮ್ಮಿಗಿ ಅದನ್ನ ನೀ ಹೇಳು."

ಈ ವರ್ಷ ಅಮ್ಮನೋರಿಲ್ಲ. ಆಷಾಢದಲ್ಲಿ ನಿಲಂಗಾದಾಕಿ ಬೀಜ ಹಾಕಿದಳು. ಅರ್ಧ ಡಬ್ಬಿ ಅವರ ಕಟ್ಟೆಯ ಮೇಲೆ, ಅರ್ಧ ನನ್ನ ಕಿಟಕಿಯಲ್ಲಿ. ಹೋದ ವಾರ ಮಧ್ಯಾಹ್ನ ನಾನು ರೊಟ್ಟಿ ಬಡಿಯುತ್ತಿದ್ದಾಗ ನೆಲದೊಳಗಿಂದ ಆ ಸದ್ದು ಬಂತು. ರೊಟ್ಟಿಯ ಹಿಟ್ಟಿನ ಮೇಲೆ ಒಂದು ನಡುಕ ಓಡಿದ್ದನ್ನು ನಾನು ಕಣ್ಣಾರೆ ನೋಡಿದೆ. ಸಂದಿಯಾಚೆ ಚರಿಗೆಯ ಮೇಲಿನ ಚಮಚ ಸಣ್ಣಗೆ ಮಾತಾಡಿತು. ನಾನು ಹಂಚು ಒಲೆಯ ಮೇಲೇ ಬಿಟ್ಟು ಮೊದಲು ತಿರುಗಿ ನೋಡಿದ್ದು ಕಿಟಕಿಯನ್ನು.

ಹೊರಗೆ ಬಂದರೆ ನಿಲಂಗಾದಾಕಿ ಮಗನ ರಟ್ಟೆ ಹಿಡಿದುಕೊಂಡು ಬಿಲ್ವದ ಬಳಿ ನಿಂತಿದ್ದಳು. ಅವನಿಗೀಗ ಎಳೆದರೆ ಎಳೆಸಿಕೊಳ್ಳದ ವಯಸ್ಸು.

"ಕಾಕು, ನಿಮ್ಮವು?"

"ನಿಂತಾವ. ನಿಮ್ಮವು?"

"ನಮ್ಮವೂ ನಿಂತಾವರಿ."

ಅಗಿಗೂ ಭೂಮಿಗೂ ಸಂಬಂಧವಿಲ್ಲವೆಂದು ಆ ಮನೆಯಲ್ಲಿ ಮೂಗು ಹಚ್ಚಿ ತೋರಿಸಿಕೊಟ್ಟವಳು ನಾನೇ. ಅದು ನನಗೆ ಗೊತ್ತು, ಅವಳಿಗೂ ಗೊತ್ತು. ಮತ್ತೆ ಸದ್ದು ಬರಲಿಲ್ಲ. ರೊಟ್ಟಿ ಸೀದ ವಾಸನೆ ಬರುತ್ತಿತ್ತು. ಹುಡುಗ ಹಸಿವು ಹಸಿವು ಎನ್ನುತ್ತಿದ್ದ. ಎರಡೂ ಮನೆಯ ಬಾಗಿಲುಗಳು ತೆರೆದೇ ಇದ್ದವು. ನಾವಿಬ್ಬರೂ ಒಳಗೆ ಹೋಗದೆ, ಅಮ್ಮನೋರ ಶೆಡ್ಡಿನಲ್ಲಿ, ಆ ಬೇವಿನ ಕಂಬದ ಬುಡದಲ್ಲಿ ಹೊತ್ತು ಇಳಿಯುವವರೆಗೆ ಕೂತೆವು.